ಮೂರನೇ ಚಾನೆಲ್ ಖಾಲಿಯಾದ ಮೇಲೆ

ಜನವರಿ ತಿಂಗಳ ಒಂದು ಶನಿವಾರ, ಬೆಳಿಗ್ಗೆ ಏಳು ಗಂಟೆ. ಸ್ಥಳ: ಮುತ್ತಂಗದ ಕಡೆ ಹೆದ್ದಾರಿಯಿಂದ ಆದಿವಾಸಿಗಳ ಹಾಡಿಗೆ ಮಣ್ಣಿನ ರಸ್ತೆ ಒಡೆಯುವ ಕವಲು. ಹಾಜರಿದ್ದವರು: ನಾನು ಮತ್ತು ಜೀಪಿನ ಚಾಲಕ ಜೋಯಿ. ಕಾಡಿನೊಳಗೆ ನಾಲ್ಕು ಕಿಲೋಮೀಟರ್ ಆಚೆ, ಹಾಡಿಯ ಅಂಚಿನ ಮರದ ಅಟ್ಟಣೆಯ ಮೇಲೆ ಅಲ್ಲಿನ ಹೆಂಗಸು ಚಿಕ್ಕಿ. ಕೆಲಸ: ಅಟ್ಟಣೆಗೂ ಕವಲಿಗೂ ನಡುವೆ ಸಿ.ಬಿ. ರೇಡಿಯೊದಲ್ಲಿ ಮಾತು ನಡೆಯುತ್ತದೆಯೇ ಎಂದು ಪರೀಕ್ಷಿಸುವುದು.

ಯಾವ ಕೆಲಸವನ್ನೇ ಆಗಲಿ ಹೀಗೆ ದಿನ, ಹೊತ್ತು, ಹಾಜರಿ ಹೇಳಿ ಶುರುಮಾಡುವುದು ನನ್ನ ಅಭ್ಯಾಸ. ಟಿ.ವಿ. ಮರುಪ್ರಸಾರ ಕೇಂದ್ರದಲ್ಲಿ ಬೆಳೆದ ಅಭ್ಯಾಸ ನಿವೃತ್ತಿಯ ಮೇಲೂ ಬಿಡಲಿಲ್ಲ. ರೇಡಿಯೊ ಕೆಲಸಕ್ಕೆ ಹೊಸದಾಗಿ ಬರುವ ಹುಡುಗ ಹುಡುಗಿಯರು ಆಗಾಗ ಬಂದು, "ಈ ಕೆಲಸದಲ್ಲಿ ಇನ್ನು ಏನು ಉಳಿದಿದೆ ಸಾರ್?" ಎಂದು ಕೇಳುತ್ತಾರೆ. ಅವರಿಗಾಗಿ ಈ ಬರಹ. ನನಗೆ ಯಾವಾಗ ಬಡ್ತಿ ಬಂತು, ಯಾವ ಹುದ್ದೆಯಲ್ಲಿ ನಿವೃತ್ತನಾದೆ ಎಂಬುದರಿಂದ ಅವರಿಗೆ ಉಪಯೋಗವಿಲ್ಲ. ಅದನ್ನೆಲ್ಲ ಬಿಟ್ಟಿದ್ದೇನೆ.

ಮೊದಲು ಆ ಶನಿವಾರದ ಪರೀಕ್ಷೆ ಏಕೆ ಬೇಕಾಯಿತು ಎಂಬುದನ್ನು ಹೇಳಬೇಕು.

ಹಾಡಿಯ ಮಕ್ಕಳನ್ನು ಶಾಲೆಗೆ ಕರೆದೊಯ್ಯುತ್ತಿದ್ದವನು ಜೋಯಿ. ಮಳೆಗಾಲದಲ್ಲಿ ಒಂದು ಬೆಳಿಗ್ಗೆ, ಅಟ್ಟಣೆಯ ಕೆಳಗೆ ರಸ್ತೆಯು ತೋಡನ್ನು, ಅಂದರೆ ಸಣ್ಣ ಹಳ್ಳವನ್ನು, ದಾಟುವ ತಿರುವಿನಲ್ಲಿ, ಆನೆಯೊಂದು ಅವನ ಜೀಪನ್ನು ಹಣೆಯಿಂದ ಹಿಂದಕ್ಕೆ ತಳ್ಳಿತು. ಜೀಪಿನಲ್ಲಿ ಮಕ್ಕಳಿರಲಿಲ್ಲ. ಜೋಯಿಗೂ ಪೆಟ್ಟಾಗಲಿಲ್ಲ. ಆದರೆ ಮರುದಿನದಿಂದ ಅವನು ಕವಲು ದಾಟಿ ಒಳಗೆ ಬರಲಿಲ್ಲ. ಬೇರೆ ಜೀಪಿನವರೂ ಒಪ್ಪಲಿಲ್ಲ. ಹಾಡಿಯಲ್ಲಿ ಮೊಬೈಲಿಗೆ ರೇಂಜ್ ಇಲ್ಲ. ಆನೆ ಎಲ್ಲಿದೆ ಎಂದು ಯಾರೂ ಯಾರಿಗೂ ಮುಂಚಿತವಾಗಿ ಹೇಳುವಂತಿರಲಿಲ್ಲ. ಮಕ್ಕಳು ಶಾಲೆ ಬಿಟ್ಟು ಮನೆಯಲ್ಲಿ ಕೂತರು. ಕೊನೆಗೆ ಅವರನ್ನೆಲ್ಲ ಪೇಟೆಯ ಹಾಸ್ಟೆಲಿಗೆ ಸೇರಿಸುವುದೆಂದು ತೀರ್ಮಾನವಾಯಿತು. ಪರೀಕ್ಷೆಯ ಮರುದಿನ, ಭಾನುವಾರ, ವಾರ್ಡನ್ ಬಂದು ಕರೆದೊಯ್ಯುವವರಿದ್ದರು. ಹೋಗಬೇಕಾದವರಲ್ಲಿ ನಾಲ್ಕನೇ ಕ್ಲಾಸಿನ ಮೀನಾಕ್ಷಿಯೂ ಒಬ್ಬಳು. ಅವಳು ಚಿಕ್ಕಿಯ ಒಬ್ಬಳೇ ಮಗಳು. ಚಿಕ್ಕಿಗೆ ಮಗಳು ಓದಬೇಕು, ಸಂಜೆ ಮನೆಗೂ ಬರಬೇಕು. ಎರಡೂ ಆಗಬೇಕಾದರೆ ಜೋಯಿ ಸೋಮವಾರದಿಂದ ಮತ್ತೆ ಒಳಗೆ ಬರಬೇಕು. ಅವನು ಹೇಳಿದ್ದಿಷ್ಟೇ: "ರೇಡಿಯೊ ಪೆಟ್ಟಿಗೆ ಕೆಲಸ ಮಾಡ್ತದೆ ಅಂತ ಶನಿವಾರ ನನ್ನ ಕಿವಿಗೆ ಕೇಳ್ಸಿ ಗೌಡ್ರೇ. ಆಮೇಲೆ ನೋಡಾಣ."

ನಾನು ಬಾವಲಿಯವನು. ಹಿಂದೆ ಎಂದೋ ಕಬಿನಿಯ ಆ ಕಡೆಯಿಂದ ಬಂದು ಗದ್ದೆ ಮಾಡಿದ ಮನೆತನ. ಮನೆಯಲ್ಲಿ ಕನ್ನಡ, ಶಾಲೆಯಲ್ಲೂ ಕಚೇರಿಯಲ್ಲೂ ಮಲಯಾಳ. ಡಿಪ್ಲೊಮಾ ಮುಗಿಸಿ ಸೇರಿದ್ದು ಬೆಟ್ಟದ ಮೇಲಿನ ಸಣ್ಣ ಟಿ.ವಿ. ಕೇಂದ್ರಕ್ಕೆ. ಉಪಗ್ರಹದಿಂದ ಬಂದ ಕಾರ್ಯಕ್ರಮವನ್ನು ದೊಡ್ಡ ಬಟ್ಟಲಿನಂಥ ಆಂಟೆನಾದಲ್ಲಿ ಹಿಡಿದು, ಮೂರನೇ ಚಾನೆಲಿನಲ್ಲಿ ಸುತ್ತಲ ಊರುಗಳಿಗೆ ಬಿಡುವುದು ನಮ್ಮ ಕೆಲಸ.

ಮೇಲಧಿಕಾರಿ ನಂಬಿಯಾರ್ ಸಾರ್. ಅವರಿಗೆ ಒಂದು ವಿಚಿತ್ರ ನಿಯಮವಿತ್ತು. ಮೀಟರ್ ಓದಲು ಯಂತ್ರದ ಮುಂದೆ ನಿಂತವನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳಬೇಕು. ದೇವಸ್ಥಾನದಲ್ಲಿ ನಿಂತ ಹಾಗೆ ನಿಲ್ಲಬೇಕೆಂದು ನಾವು ನಗುತ್ತಿದ್ದೆವು. "ನಗು, ಆದರೆ ಕೈ ಹಿಂದೆ ಇರಲಿ," ಎನ್ನುತ್ತಿದ್ದರು. "ಮೊದಲು ಸೂಜಿ ನೋಡು. ಆಮೇಲೆ ಕೈ."

ಅದರ ಅರ್ಥ ಗೊತ್ತಾದದ್ದು ಒಂದು ಕ್ರಿಕೆಟ್ ಪಂದ್ಯದ ದಿನ. ಕೊನೆಯ ಓವರುಗಳು ನಡೆಯುತ್ತಿದ್ದಾಗ ಪರದೆ ಬೆಳ್ಳಗಾಯಿತು. ಪಾಳಿಯಲ್ಲಿದ್ದ ಸಹೋದ್ಯೋಗಿ ಸುರೇಂದ್ರನ್ ಗಾಬರಿಯಲ್ಲಿ ಯಂತ್ರ ಆರಿಸಿ, ಹಿಂದಿನ ಬಾಗಿಲು ಬಿಚ್ಚಿದ. ನಮ್ಮ ಯಂತ್ರಕ್ಕೆ ಏನೂ ಆಗಿರಲಿಲ್ಲ. ಕೊಂಡಿ ಕಡಿದದ್ದು ದೂರದಲ್ಲೆಲ್ಲೋ. ಒಂದೆರಡು ನಿಮಿಷದಲ್ಲಿ ಅಲ್ಲಿಯವರು ಸರಿಮಾಡಿದರು. ಇಡೀ ದೇಶಕ್ಕೆ ಪಂದ್ಯ ಕಾಣಿಸಿತು. ವಯನಾಡಿನ ನಮ್ಮ ಭಾಗಕ್ಕೆ ಮಾತ್ರ ಇಲ್ಲ, ಏಕೆಂದರೆ ಸುರೇಂದ್ರನ್ ಬಿಚ್ಚಿದ ಸ್ಕ್ರೂಗಳನ್ನು ನೆಲದಲ್ಲಿ ಹುಡುಕುತ್ತಿದ್ದ. ಸಂಜೆಗೆ ಒಂದು ಜೀಪು ತುಂಬ ಜನ ಬೆಟ್ಟ ಹತ್ತಿ ಬಂದರು. ನಂಬಿಯಾರ್ ಸಾರ್ ಅವರನ್ನು ಬೆಂಚಿನ ಮೇಲೆ ಕೂರಿಸಿ, ಸುರೇಂದ್ರನ್ ಕೈಯಿಂದಲೇ ಎಲ್ಲರಿಗೂ ಚಹಾ ಕೊಡಿಸಿದರು. ಅವರು ಹೋದ ಮೇಲೆ ನಮಗೆ ಹೇಳಿದರು: "ಚಿತ್ರ ಹೋದರೂ ಸೂಜಿ ಎದ್ದು ನಿಂತಿತ್ತು. ಅಂದರೆ ತರಂಗ ಹೊರಡುತ್ತಿದೆ, ಅದರ ಮೇಲೆ ಹೊರೆ ಇಲ್ಲ, ಅಷ್ಟೆ. ಖಾಲಿ ಲಾರಿ ಓಡುತ್ತಿದೆ ಅಂತ ಇಂಜಿನ್ ಬಿಚ್ಚುತ್ತಾರೇನು?"

ಇನ್ನೊಂದು ಪ್ರಕರಣ ಬರೆಯಲೇಬೇಕು. ಸಿ.ಬಿ. ರೇಡಿಯೊ ನನ್ನ ಬದುಕಿಗೆ ಬಂದದ್ದು ಅದರಿಂದ.

ಸಿ.ಬಿ. ಎಂದರೆ ಸಾಮಾನ್ಯ ಜನ ತಮ್ಮತಮ್ಮಲ್ಲಿ ಮಾತಾಡಿಕೊಳ್ಳಲು ಬಿಟ್ಟುಕೊಟ್ಟಿರುವ, ಸಣ್ಣ ಶಕ್ತಿಯ ರೇಡಿಯೊ. ಗುಂಡಿ ಒತ್ತಿದರೆ ಮಾತಾಡಬಹುದು, ಬಿಟ್ಟರೆ ಕೇಳಬಹುದು. ಒತ್ತಿ ಹಿಡಿದಿರುವಷ್ಟು ಹೊತ್ತು ಬೇರೆಯವರ ಮಾತು ಕೇಳಿಸುವುದಿಲ್ಲ. ಟವರ್ ಬೇಡ, ಬಿಲ್ ಇಲ್ಲ. ಇಂದು ಅದನ್ನು ಬಲ್ಲವರೇ ಕಡಿಮೆ. ಆಗ ನಮ್ಮ ಕಡೆಯ ಒಂದೆರಡು ಕಾಫಿ ತೋಟಗಳಲ್ಲಿ ಇತ್ತು.

ಭಾನುವಾರ ಬೆಳಿಗ್ಗೆ ಪೌರಾಣಿಕ ಧಾರಾವಾಹಿ ಬರುತ್ತಿದ್ದ ಕಾಲ. ಒಂದು ಸೋಮವಾರ ಶಾಂತಮ್ಮ ಟೀಚರ್ ಎಂಬವರು ಕೊಡೆ ಹಿಡಿದುಕೊಂಡು ಬೆಟ್ಟ ಹತ್ತಿ ಬಂದು ನೇರವಾಗಿ ನನ್ನ ಮೇಜಿನ ಮುಂದೆ ನಿಂತರು.

"ನಿಮ್ಮ ಋಷಿಗಳು ಡೀಸೆಲ್ ಕೇಳ್ತಿದಾರೆ," ಎಂದರು.

"ಏನಂದ್ರಿ ಟೀಚರ್?"

"ಋಷಿ ಶಾಪ ಕೊಡೋಕೆ ಕೈ ಎತ್ತಿದ. ಪರದೆ ತುಂಬ ಹೆಣೆದ ಚಾಪೆ ಹಾಗೆ ಗೆರೆ ಬಂತು. 'ಎರಡನೇ ಲಾರಿಗೆ ಡೀಸೆಲ್ ಹಾಕಿದ್ರಾ?' ಅಂತ ಕೇಳಿದ. ನಮ್ಮತ್ತೆ ಕೈ ಮುಗಿದು ಕೂತಿದ್ದವರು ಬೆಚ್ಚಿಬಿದ್ದರು."

ನಂಬಿಯಾರ್ ಸಾರ್ ನಗಲಿಲ್ಲ. ಕಾಗದದ ಮೇಲೆ ಇಪ್ಪತ್ತೇಳು ಬರೆದು, ಅದರ ಕೆಳಗೆ ಐವತ್ತನಾಲ್ಕು ಬರೆದರು. ಸಿ.ಬಿ. ನಡೆಯುವುದು ಇಪ್ಪತ್ತೇಳು ಮೆಗಾಹರ್ಟ್ಸ್ ಸುತ್ತಮುತ್ತ. ಕೆಟ್ಟ ಸೆಟ್ಟು ಅದರ ದುಪ್ಪಟ್ಟಿನಲ್ಲೂ ಅಷ್ಟಿಷ್ಟು ಚೆಲ್ಲುತ್ತದೆ. ನಮ್ಮ ಮೂರನೇ ಚಾನೆಲ್ ಶುರುವಾಗುವುದೂ ಐವತ್ತನಾಲ್ಕರಲ್ಲೇ. ಕೈಯಲ್ಲಿ ಸಣ್ಣ ಆಂಟೆನಾ ಹಿಡಿದು, ಸದ್ದು ಯಾವ ದಿಕ್ಕಿನಲ್ಲಿ ಹೆಚ್ಚುತ್ತದೆ ಎಂದು ನೋಡುತ್ತ ಹೋದೆ. ದಾರಿ ಮುತ್ತಣ್ಣ ಎಂಬವರ ಕಾಫಿ ತೋಟಕ್ಕೆ ಮುಟ್ಟಿಸಿತು. ಸೆಟ್ಟಿಗೆ ಪರವಾನಗಿ ಇತ್ತು. ಶಕ್ತಿ ಸಾಲದೆಂದು ಅವರೇ ಎಲ್ಲಿಂದಲೋ ತಂದು ಸೇರಿಸಿದ್ದ ಪೆಟ್ಟಿಗೆಗೆ ಇರಲಿಲ್ಲ.

"ನಿಮ್ಮ ಋಷಿ ಶಾಪ ಕೊಡೋಕೆ ನನ್ನ ಲಾರಿ ನಿಲ್ಲಬೇಕೇನ್ರೀ?" ಎಂದರು ಮುತ್ತಣ್ಣ.

"ಲಾರಿ ಓಡಲಿ ಸಾರ್. ಈ ಪೆಟ್ಟಿಗೆ ಮಾತ್ರ ಬಿಚ್ಚಿ."

ಬಿಚ್ಚಿಸಿದೆ. ಸೋಸುವ ಸಾಧನವನ್ನೂ ಹಾಕಿಕೊಟ್ಟೆ. ಅಂಥ ದೂರುಗಳು ಆಮೇಲೂ ಬಂದವು. ಪ್ರತಿಸಲವೂ ಹೋಗಿ ಒಂದೊಂದು ಸೆಟ್ಟನ್ನು ಸುಮ್ಮನಾಗಿಸಿ ಬಂದೆ. ಊರಿನವರೆಲ್ಲ ಟಿ.ವಿ. ಪಕ್ಷ. ಋಷಿಯ ಮಾತಿಗೆ ಅಡ್ಡ ಬರುವ ರೇಡಿಯೊ ಯಾರಿಗೆ ಬೇಕು? ಆಮೇಲೆ ಮೊಬೈಲ್ ಬಂತು. ತೋಟಗಳ ಸೆಟ್ಟುಗಳು ಅಟ್ಟ ಸೇರಿದವು.

ಕಾಲ ನಮ್ಮನ್ನೂ ಬಿಡಲಿಲ್ಲ. ಮನೆಮನೆಗೆ ಡಿಷ್ ಬಂತು, ಕೇಬಲ್ ಬಂತು, ಎಲ್ಲವೂ ಡಿಜಿಟಲ್ ಆಯಿತು. ನನ್ನ ನಿವೃತ್ತಿಗೆ ಸ್ವಲ್ಪ ಮೊದಲು ಕೇಂದ್ರ ಮುಚ್ಚುವ ಆದೇಶ ಬಂದಾಗ ಸ್ವಿಚ್ ಇಳಿಸಿದವನು ನಾನೇ. ಸೂಜಿ ಸೊನ್ನೆಗೆ ಬಂದು ಮಲಗಿತು. ದೂರು ಹೇಳಲು ಯಾರಾದರೂ ಫೋನ್ ಮಾಡುತ್ತಾರೆಂದು ಸಂಜೆಯವರೆಗೆ ಕಾದೆ. ಒಬ್ಬರೂ ಮಾಡಲಿಲ್ಲ.

ಎರಡು ದಿನ ಬೇಸರವಿತ್ತು. ಮೂರನೇ ದಿನ ಹೊಳೆದದ್ದು ಬೇರೆ. ಮೂರನೇ ಚಾನೆಲ್ ಖಾಲಿಯಾಗಿದೆ. ಸಿ.ಬಿ. ರೇಡಿಯೊ ಇನ್ನು ಯಾರ ಪರದೆಯ ಮೇಲೂ ಚಾಪೆ ಹೆಣೆಯುವುದಿಲ್ಲ. ಅದನ್ನು ಅಟ್ಟಿಕೊಂಡು ಹೋಗಲು ಇದ್ದ ದೊಡ್ಡ ಕಾರಣವೇ ಹೋಯಿತು. ನಿಯಮವೂ ಸಡಿಲವಾಗಿದೆ: ಐದು ವ್ಯಾಟ್ ಮೀರದ, ಮಾನ್ಯತೆ ಪಡೆದ ಸೆಟ್ಟಿದ್ದರೆ ಈಗ ಪ್ರತ್ಯೇಕ ಪರವಾನಗಿ ಬೇಡ. ಜೀಪಿಗೋ ಮನೆಗೋ ಆಗುವ ಒಂದು, ಕೈಯಲ್ಲಿ ಹಿಡಿಯುವ ಒಂದು, ಹೀಗೆ ಎರಡು ಸೆಟ್ಟು ತರಿಸಿದೆ.

ಆಂಟೆನಾಕ್ಕೆ ಕೊರತೆ ಇರಲಿಲ್ಲ. ಟಿ.ವಿ. ಡಿಜಿಟಲ್ ಆದ ಮೇಲೆ ಹಳೆಯ ಅಲ್ಯೂಮಿನಿಯಂ ಆಂಟೆನಾಗಳು ಅವರೆಬಳ್ಳಿಗೆ ಚಪ್ಪರವಾಗಿ, ಬಟ್ಟೆ ಒಣಹಾಕುವ ಕೋಲಾಗಿ ಊರೆಲ್ಲ ಬಿದ್ದಿದ್ದವು. ಕೇಳಿದವರು ಸಂತೋಷದಿಂದ ಕೊಟ್ಟರು. ಹೊಸಬರು ಇದನ್ನು ಗಮನಿಸಬೇಕು: ಇಪ್ಪತ್ತೇಳರ ತರಂಗ ನಮ್ಮ ಟಿ.ವಿ. ತರಂಗಕ್ಕಿಂತ ಸುಮಾರು ದುಪ್ಪಟ್ಟು ಉದ್ದ. ಆದರೆ ಟಿ.ವಿ. ಕಡ್ಡಿ ತನ್ನ ತರಂಗದ ಅರ್ಧದಷ್ಟು ಉದ್ದವಿರಬೇಕು, ನೆಟ್ಟಗೆ ನಿಲ್ಲಿಸುವ ಆಂಟೆನಾಕ್ಕೆ ತರಂಗದ ಕಾಲು ಭಾಗ ಸಾಕು. ಲೆಕ್ಕ ಅಲ್ಲಿಗೇ ಬಂದು ನಿಲ್ಲುತ್ತದೆ: ಎರಡೂ ಹೆಚ್ಚುಕಡಿಮೆ ಒಂದೇ ಉದ್ದ. ಮೂರನೇ ಚಾನೆಲಿನ ಆಂಟೆನಾದಲ್ಲಿ ಎಲ್ಲಕ್ಕಿಂತ ಹಿಂದೆ ಇರುವ ಉದ್ದನೆಯ ಕಡ್ಡಿಗೆ ಒಂದು ತುಂಡು ಸೇರಿಸಿ, ಬುಡದಲ್ಲಿ ನಾಲ್ಕು ತಂತಿ ಎಳೆದರೆ ಸಿ.ಬಿ.ಗೆ ಆಂಟೆನಾ ಸಿದ್ಧ.

ಒಂದು ಮಧ್ಯಾಹ್ನ ಅಂಗಳದಲ್ಲಿ ಸೆಟ್ಟು ಹಚ್ಚಿ ಕೂತಿದ್ದೆ. ಸೂರ್ಯನ ಮೇಲೆ ಕಲೆಗಳು ಹೆಚ್ಚಾಗುವ ವರ್ಷಗಳಲ್ಲಿ ಈ ತರಂಗ ಆಕಾಶಕ್ಕೆ ತಾಗಿ ಬಹುದೂರ ಹೋಗಿ ಬೀಳುತ್ತದೆ. ಯಾವುದೋ ದೇಶದವನು ಗಂಟಲು ಹರಿಯುವಂತೆ ಮಾತಾಡುತ್ತಿದ್ದ. ಮೆಣಸು ಕೊಯ್ಯಲು ಬಂದಿದ್ದ ಚಿಕ್ಕಿ ಏಣಿಯಿಂದ ಇಳಿದು ಬಂದಳು. ಹಾಡಿಯವರ ಮನೆಮಾತು ನಮ್ಮ ಕನ್ನಡಕ್ಕೆ ಹತ್ತಿರದ್ದು. ನನ್ನೊಡನೆ ಅವಳು ಕನ್ನಡದಲ್ಲೇ ಮಾತಾಡುತ್ತಾಳೆ.

"ಯಾರು ಸಾರೇ ಅದು, ಹಿಂಗೆ ಬಯ್ತಾ ಇರದು?"

"ಬಯ್ತಿಲ್ಲ ಕಣಮ್ಮ. ಸಮುದ್ರದಾಚೆಯವನು. ಅವನ ಊರಿನ ಸಮಾಚಾರ ಹೇಳ್ತಿದ್ದಾನೆ."

"ಟವರ್ ಎಲ್ಲಿ ಅದೆ?"

"ಟವರ್ ಇಲ್ಲ. ಈ ಕಡ್ಡಿ, ಅವನ ಕಡ್ಡಿ. ಅಷ್ಟೇ."

ಅವಳು ಕಡ್ಡಿಯನ್ನು ಮೇಲಿಂದ ಕೆಳಗೆ ನೋಡಿದಳು. "ಸಮುದ್ರದ ಆಚೆಯಿಂದ ಇಲ್ಲಿಗೆ ಕೇಳ್ತದೆ. ನಮ್ಮ ಹಾಡಿಯಿಂದ ರೋಡಿಗೆ ಕೇಳ್ತದಾ?"

ಇಡೀ ವೃತ್ತಿಯಲ್ಲಿ ನನಗೆ ಇಷ್ಟು ನೆಟ್ಟಗೆ ಕೆಲಸ ಹೇಳಿದ ಮೇಲಧಿಕಾರಿ ಇನ್ನೊಬ್ಬರಿಲ್ಲ.

ಅರಣ್ಯ ಇಲಾಖೆಯ ಒಪ್ಪಿಗೆ ಪಡೆದೆವು. ಬೆಳೆ ಕಾಯಲು ಹಾಡಿಯವರು ಕಟ್ಟಿಕೊಂಡಿದ್ದ ಅಟ್ಟಣೆಯ ಮೇಲೆ ಟಿ.ವಿ. ಕಡ್ಡಿ ನಿಲ್ಲಿಸಿ, ಅದರ ಕೇಬಲ್ಲಿಗೆ ಕೈಸೆಟ್ಟು ಸೇರಿಸಿದೆವು. ಇನ್ನೊಂದು ಸೆಟ್ಟು ಜೋಯಿಯ ಜೀಪಿಗೆ. ನಮ್ಮ ಅಂಗಳದಲ್ಲಿ ಚಿಕ್ಕಿಗೆ ತರಬೇತಿ ನಡೆಯಿತು. ಪ್ರತಿ ಸಂದೇಶಕ್ಕೂ ಮೂರು ಭಾಗ: ನೀನು ಯಾರು, ಏನು ಕಂಡೆ, ಎಲ್ಲಿ ಕಂಡೆ. ಕೊನೆಗೆ 'ಓವರ್'.

"ಹಾಡಿ. ಆನೆ. ತೋಡಿನ ತಿರುವು. ಓವರ್," ಎಂದಳು ಮೊದಲ ಸಲವೇ. ಎಡವಲಿಲ್ಲ, ತೊದಲಲಿಲ್ಲ. ನನಗೆ ಬಹಳ ತೃಪ್ತಿಯಾಯಿತು.

ನಮ್ಮ ಕಡೆಗೂ ಒಂದು ನಿಯಮ ಇಟ್ಟೆ. ಮೂರು ಸಲ ಕರೆಯಬೇಕು. ಮೂರಕ್ಕೂ ಉತ್ತರವಿಲ್ಲದಿದ್ದರೆ ಸೆಟ್ಟು ಕೆಟ್ಟಿದೆ ಎಂದು ತಿಳಿದು, ಹೋಗಿ ನೋಡಬೇಕು. ಬೆಟ್ಟದ ಮೇಲೆ ನಾವು ಹೀಗೇ ಮಾಡುತ್ತಿದ್ದೆವು.

ಈಗ ಶನಿವಾರಕ್ಕೆ ಬರುತ್ತೇನೆ.

ಕವಲಿನಲ್ಲಿ ಮಂಜು ಇನ್ನೂ ಪೂರ್ತಿ ಎದ್ದಿರಲಿಲ್ಲ. ಜೋಯಿ ಜೀಪಿನ ಮುಂದಿನ ಸೀಟಿನಲ್ಲಿ ಕೂತು ಫ್ಲಾಸ್ಕಿನ ಚಹಾ ಕುಡಿಯುತ್ತಿದ್ದ. ಸೆಟ್ಟು ಹಚ್ಚಿದೆ. ಯಾರೂ ಮಾತಾಡದಿದ್ದಾಗ ಅದರಲ್ಲಿ ಸಣ್ಣಗೆ 'ಜುಯ್' ಎಂಬ ಸದ್ದು ಇರುತ್ತದೆ. ಆ ಸದ್ದನ್ನು ಅಡಗಿಸುವ ಗುಂಡಿಯೂ ಇದೆ. ನಾನು ಅದನ್ನು ಬಳಸುವುದಿಲ್ಲ. ಸದ್ದು ಇದ್ದರೆ ಸೆಟ್ಟು ಎಚ್ಚರವಾಗಿದೆ ಎಂದು ತಿಳಿಯುತ್ತದೆ.

"ಹಾಡಿ, ಹಾಡಿ, ಇದು ಕವಲು. ದಾರಿ ಹೇಗಿದೆ? ಓವರ್."

ಉತ್ತರವಿಲ್ಲ.

ಸ್ವಲ್ಪ ಬಿಟ್ಟು ಮತ್ತೆ ಕರೆದೆ. ಈಗಲೂ ಉತ್ತರವಿಲ್ಲ. ನನ್ನ ತಲೆ ತಕ್ಷಣ ಅಟ್ಟಣೆಯ ಸೆಟ್ಟಿನ ಕೇಬಲ್ಲಿಗೆ ಹೋಯಿತು. ಬೆಸುಗೆ ಬಿಟ್ಟಿರಬೇಕು. ಬ್ಯಾಟರಿ ಇಳಿದಿರಬೇಕು.

ಜೋಯಿ ಚಹಾದ ಲೋಟ ಕೆಳಗಿಟ್ಟ. "ಮತಿ ಗೌಡ್ರೇ, ಮತಿ. ಸಾಕು. ಆ ಚಿಕ್ಕಿ ಮಲ್ಗಿದಾಳೆ, ಇಲ್ಲ ನಿಮ್ಮ ಪೆಟ್ಟಿಗೆ ಮಲ್ಗಿದೆ."

"ಮೂರನೇ ಸಲ ಕರೀಬೇಕು."

"ಕರೀರಿ. ಆಮೇಲೆ ನಿಮ್ಮ ರೂಲ್ ಪ್ರಕಾರ ಹೋಗಿ ನೋಡಾಣ. ಬೆಳಗಾಗಿದೆ, ನೀವೂ ಇದೀರಿ. ನೋಡಿಬಿಟ್ಟು ನಾನು ಮನೆಗೆ ಹೋಗ್ತೇನೆ. ಸೋಮವಾರದ ಮಾತು ಮತ್ತೆ ಎತ್ಬೇಡಿ." ಇಂಜಿನ್ ಶುರುಮಾಡಿದ.

ಮೂರನೇ ಕರೆಗೆ ಮೈಕ್ ಎತ್ತಿಕೊಂಡೆ. ಒತ್ತುವ ಮೊದಲು ಕಣ್ಣು ಸೆಟ್ಟಿನ ಮೇಲೆ ಹೋಯಿತು. ಸೂಜಿ ಎದ್ದು ನಿಂತಿತ್ತು. ಬೆಸುಗೆಯ ಚಿಂತೆಯಲ್ಲೂ ಇಂಜಿನ್ನಿನ ಗದ್ದಲದಲ್ಲೂ ನಾನು ಗಮನಿಸಿರಲಿಲ್ಲ, 'ಜುಯ್' ಸದ್ದೂ ನಿಂತುಹೋಗಿತ್ತು. ಅಂದರೆ ಆ ಕಡೆಯಿಂದ ತರಂಗ ಬರುತ್ತಿದೆ. ಅದರ ಮೇಲೆ ಮಾತಿಲ್ಲ.

ಗುಂಡಿ ಸಿಕ್ಕಿಕೊಂಡಿರಬಹುದು ಎಂದುಕೊಂಡೆ. ಅಷ್ಟರಲ್ಲಿ ಸೂಜಿ ಬಿತ್ತು. ಮತ್ತೆ ಎದ್ದಿತು. ಬಹಳ ಹೊತ್ತು ನಿಂತು, ಮತ್ತೆ ಬಿದ್ದು, ಎದ್ದಿತು. ಸಿಕ್ಕಿಕೊಂಡ ಗುಂಡಿ ಹಾಗೆ ಮಾಡುವುದಿಲ್ಲ. ಸೆಟ್ಟು ಚೆನ್ನಾಗಿದೆ. ಚಿಕ್ಕಿ ಎಚ್ಚರವಾಗಿದ್ದಾಳೆ. ಅವಳ ಹೆಬ್ಬೆರಳು ಗುಂಡಿಯ ಮೇಲಿದೆ, ಬಾಯಿ ಮುಚ್ಚಿದೆ.

"ಇಂಜಿನ್ ಆರ್ಸು," ಎಂದೆ.

"ಎಂತಕ್ಕೆ?"

"ಆರ್ಸು ಜೋಯಿ. ಅವಳು ಮಾತಾಡಬಾರದ ಜಾಗದಲ್ಲಿದ್ದಾಳೆ."

ಅವನಿಗೆ ಎರಡನೇ ಸಲ ಹೇಳಬೇಕಾಗಲಿಲ್ಲ. ಮಳೆಗಾಲದ ಆ ತಿರುವು ಅವನಿಗೆ ನನಗಿಂತ ಚೆನ್ನಾಗಿ ಗೊತ್ತು. ಕೀಲಿ ತಿರುಗಿಸಿ, ಸ್ಟಿಯರಿಂಗ್ ಹಿಡಿದು ಕೂತುಬಿಟ್ಟ.

ನನಗೆ ಕಷ್ಟವಾದದ್ದು ಮುಂದಿನದು. ಕರೆ ಬಂದರೆ ಉತ್ತರ ಕೊಡಬೇಕು ಎಂಬುದು ನಮ್ಮ ವೃತ್ತಿಯ ಮೊದಲ ಪಾಠ. ಇಲ್ಲಿ ಬಾಯಿ ತೆರೆದರೆ ನನ್ನ ದನಿ ಅಟ್ಟಣೆಯ ಮೇಲಿಂದ ಕಾಡಿಗೆ ಕೇಳಿಸುತ್ತದೆ. ಸುಮ್ಮನಿದ್ದರೆ ನಮಗೆ ತಿಳಿಯಿತೋ ಇಲ್ಲವೋ ಎಂದು ಅವಳು ಒದ್ದಾಡುತ್ತಾಳೆ. ಸೂಜಿ ಬಿದ್ದ ಹೊತ್ತು ನೋಡಿ, ಮಾತಾಡದೆ ಗುಂಡಿಯನ್ನು ಒಂದು ಸಲ ಒತ್ತಿ ಬಿಟ್ಟೆ. ಅವಳ ಸೆಟ್ಟಿನ 'ಜುಯ್' ಒಂದು ಕ್ಷಣ ನಿಂತಿರಬೇಕು, ಅಷ್ಟೆ. ಉತ್ತರವಾಗಿ ನನ್ನ ಸೆಟ್ಟಿನ ಸೂಜಿ ಒಮ್ಮೆ ಎದ್ದು ಬಿತ್ತು. ಇನ್ನೊಮ್ಮೆ ಒತ್ತಿದೆ. ಇನ್ನೊಮ್ಮೆ ಎದ್ದು ಬಿತ್ತು. ನಾವಿಬ್ಬರೂ ಒಂದು ಮಾತೂ ಆಡದೆ ಒಬ್ಬರನ್ನೊಬ್ಬರು ಕೇಳಿಸಿಕೊಂಡೆವು.

ಹೆದ್ದಾರಿಯಲ್ಲಿ ಗುಂಡ್ಲುಪೇಟೆಯ ತರಕಾರಿ ಲಾರಿಗಳು ಸಾಲಾಗಿ ಹೋದವು. ಮಂಜು ಎದ್ದಿತು. ಜೋಯಿ ಮೆಲ್ಲಗೆ ಕೇಳಿದ, "ನಾವು ಮೂರನೇ ಸಲ ಕರೆದು ಹೊರಟಿದ್ರೆ ಈಗ ಎಲ್ಲಿರ್ತಿದ್ವಿ?"

"ತಿರುವಿನಲ್ಲಿ."

"ಕರ್ತಾವೇ," ಎಂದು ಎದೆಯ ಮೇಲೆ ಶಿಲುಬೆ ಎಳೆದುಕೊಂಡ.

ಕೊನೆಗೆ ಸೆಟ್ಟಿನಲ್ಲಿ ಉಸಿರಿನಂಥ ದನಿ ಬಂತು. "ಸಾರೇ... ತೋಡು ದಾಟಿದ್ರು. ಮರೀನೂ ಅದೆ. ಈಗ್ಲೇ ಬರ್ಬೇಡಿ." ಅದಾಗಿ ಸ್ವಲ್ಪ ಹೊತ್ತಿಗೆ, ಅವಳ ಮಾಮೂಲು ಗಟ್ಟಿ ದನಿಯಲ್ಲಿ: "ಈಗ ಬನ್ನಿ. ಜೋಯಿ ಚೇಟ್ಟಂಗೆ ಹೇಳಿ, ಹಾರ್ನ್ ಹೊಡೀಬಾರ್ದು. ಓವರ್!"

ಹೋದೆವು. ಅಟ್ಟಣೆಯ ಬುಡದಲ್ಲಿ ಬಿದಿರು ಮುರಿದು ಬಿದ್ದಿತ್ತು, ಲದ್ದಿಯಿಂದ ಇನ್ನೂ ಹಬೆ ಏಳುತ್ತಿತ್ತು. ದೊಡ್ಡ ಹೆಜ್ಜೆಗಳ ಪಕ್ಕದಲ್ಲಿ ತಟ್ಟೆಯಷ್ಟಗಲದ ಸಣ್ಣ ಹೆಜ್ಜೆಗಳು. ಜೋಯಿ ಜೀಪಿನಿಂದ ಇಳಿದು ಅವನ್ನೇ ನೋಡುತ್ತ ನಿಂತ. ಚಿಕ್ಕಿ ಏಣಿ ಇಳಿದು ಬಂದಳು. ಮುಖದಲ್ಲಿ ನಗು.

"ಅಲ್ಲಮ್ಮ, ಹೇಳಿಕೊಟ್ಟ ಹಾಗೆ ಮೂರು ಮಾತು ಪಿಸುಗುಟ್ಟಬಾರದಿತ್ತೆ?" ಎಂದೆ.

"ಕಾಲ ಕೆಳಗೆ ನಿಂತಿರೋರ ಹೆಸ್ರು ಹಿಡ್ದು ಚಾಡಿ ಹೇಳಾದಾ ಸಾರೇ?"

"ಅಂಗಳದಲ್ಲಿ ಸಲೀಸಾಗಿ ಹೇಳಿದೆಯಲ್ಲ."

"ಅಲ್ಲಿ ಅವ್ರು ಇರ್ನಿಲ್ಲ. ಕಾಡಲ್ಲಿ, ಅವ್ರು ಎದುರಿಗಿರುವಾಗ ನಾವು ಆ ಹೆಸ್ರು ಎತ್ತಲ್ಲ. ನಮ್ಮಪ್ಪ ಎತ್ತಿಲ್ಲ, ಅವನಪ್ಪ ಎತ್ತಿಲ್ಲ. ಉಸ್ರೂ ಜೋರಾಗಿ ಬಿಡಲ್ಲ."

ಅಂಗಳದಲ್ಲಿ 'ಆನೆ' ಎಂದವಳು ಕಾಡಿನಲ್ಲೂ ಅನ್ನುತ್ತಾಳೆ ಎಂದು ನಾನು ತಿಳಿದಿದ್ದೆ. ಹುಟ್ಟಿದಂದಿನಿಂದ ಇವರ ನೆರೆಯಲ್ಲೇ ಇದ್ದರೂ, ಆನೆ ಎದುರಿಗಿರುವಾಗ ಅವರ ಜೊತೆ ನಾನು ಎಂದೂ ನಿಂತಿರಲಿಲ್ಲ.

"ಮತ್ತೆ ಗುಂಡಿ ಯಾಕೆ ಒತ್ತಿ ಹಿಡ್ದೆ?" ಎಂದು ಜೋಯಿ ಕೇಳಿದ.

"ಒತ್ತಿ ಹಿಡ್ದಷ್ಟು ಹೊತ್ತು ಈ ಸಾರ್ ಬಾಯಿ ಕಟ್ತದಲ್ಲ! ಇಲ್ದಿದ್ರೆ 'ಹಾಡಿ ಹಾಡಿ ಓವರ್ ಓವರ್' ಅಂತ ಇಲ್ಲೆಲ್ಲ ಕೂಗ್ತಿದ್ರು."

"ಪೆಟ್ಟಿಗೇನೇ ಆಫ್ ಮಾಡ್ಬೋದಿತ್ತಲ್ಲ?"

"ಆಫ್ ಮಾಡಿದ್ರೆ ಕೆಟ್ಟದೆ ಅಂತ ನೋಡಕ್ಕೆ ಬಂದ್ಬಿಡ್ತಿದ್ರಿ. ಸಾರ್ ರೂಲ್ ನಂಗೊತ್ತಿಲ್ವಾ?"

ಜೋಯಿ ಹೊಟ್ಟೆ ಹಿಡಿದು ನಕ್ಕ. ಅಷ್ಟು ಹೊತ್ತು ಬಿಗಿಹಿಡಿದಿದ್ದ ಹೆದರಿಕೆಯೆಲ್ಲ ನಗುವಾಗಿ ಹೊರಬಂದಂತಿತ್ತು. ನಾನೂ ನಕ್ಕೆ.

ಅಲ್ಲೇ, ಅಟ್ಟಣೆಯ ಬುಡದಲ್ಲಿ ಕೂತು ನಿಯಮ ತಿದ್ದಿದೆವು. ಮಾತಿಲ್ಲದೆ ಸೂಜಿ ಎದ್ದು ನಿಂತರೆ ಅವರು ತಿರುವಿನಲ್ಲಿದ್ದಾರೆ. ಜೀಪು ಕವಲಿನಲ್ಲೇ ಇಂಜಿನ್ ಆರಿಸಿ ನಿಲ್ಲಬೇಕು. ಕವಲಿನವರು ಮಾತಾಡಬಾರದು, ಒಂದು ಸಲ ಒತ್ತಿ ಬಿಡಬೇಕು. ಅವರು ದಾರಿ ಬಿಟ್ಟ ಮೇಲೆ ಚಿಕ್ಕಿಯೇ ಬಾಯಿ ತೆರೆಯುತ್ತಾಳೆ. ಸೂಜಿ ಏಳದಿದ್ದರೆ, ಮಾತೂ ಇಲ್ಲದಿದ್ದರೆ, ಅಂದು ಜೀಪು ಒಳಗೆ ಹೋಗುವುದಿಲ್ಲ. ಮೂರು ಸಲ ಕರೆದು ಹೋಗಿ ನೋಡುವ ನನ್ನ ನಿಯಮವನ್ನು ಪೂರ್ತಿ ತೆಗೆದುಹಾಕಿದೆವು. ಹೊಸಬರಿಗೆ ನಾನು ಹೇಳುವುದೂ ಇಷ್ಟೇ. ಸೆಟ್ಟು ಕೊಡುವ ಮೊದಲು ಅದನ್ನು ಹಿಡಿಯುವವರ ಜೊತೆ ಅವರ ಜಾಗದಲ್ಲಿ ಒಂದು ದಿನ ನಿಲ್ಲಿ. ಕೆಲಸ ಏನು ಉಳಿದಿದೆ ಎಂಬ ಪ್ರಶ್ನೆ ಆಮೇಲೆ ಬರುವುದಿಲ್ಲ. ಹೆದ್ದಾರಿಯ ಎರಡೂ ಬದಿಗೆ ರೇಂಜ್ ಇಲ್ಲದ ಹಾಡಿಗಳು ಇನ್ನೂ ಇವೆ. ಊರಿನ ಮನೆಮಾಡುಗಳ ಮೇಲೆ ಹಳೆಯ ಟಿ.ವಿ. ಕಡ್ಡಿಗಳೂ ಇವೆ.

ಉಳಿದದ್ದು ಸೋಮವಾರದ ಮಾತು. ಚಿಕ್ಕಿ ಕೇಳಲಿಲ್ಲ. ಸೆಟ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಜೋಯಿಯನ್ನೇ ನೋಡುತ್ತಿದ್ದಳು. ನಾನೂ ಕೇಳಲಿಲ್ಲ. ಜೀಪು ಅವನದು, ಜೀವವೂ ಅವನದು.

ಜೋಯಿ ಸಣ್ಣ ಹೆಜ್ಜೆಯ ಗುರುತಿನ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತಿದ್ದವನು ಎದ್ದ. "ಗೌಡ್ರೇ, ನಂಗೆ ಪೇಡಿ, ಹೆದ್ರಿಕೆ, ಹೋಗಿಲ್ಲ. ಸುಳ್ಳು ಹೇಳಲ್ಲ. ಆದ್ರೆ ಮೊದ್ಲು ಈ ಇಡೀ ಕಾಡೇ ಪೇಡಿ. ಈಗ ಅದು ಎಲ್ಲಿ ನಿಂತಿದೆ ಅಂತ ಗೊತ್ತಾಗ್ತದೆ." ಚಿಕ್ಕಿಯ ಕಡೆ ತಿರುಗಿದ. "ಸೋಮವಾರ ಎಂಟಕ್ಕೆ ಮಕ್ಳು ರೆಡಿ ಇರ್ಲಿ. ಲೇಟ್ ಮಾಡಿದ್ರೆ ಬಿಟ್ಟು ಹೋಗ್ತೇನೆ."

"ನೀವು ಲೇಟ್ ಮಾಡ್ಬೇಡಿ ಚೇಟ್ಟ," ಎಂದಳು ಚಿಕ್ಕಿ.

"ನಾಳೆ ವಾರ್ಡನ್ ಬರುತ್ತಾರಲ್ಲ?" ಎಂದೆ.

"ಬರ್ಲಿ ಸಾರೇ. ಚಾಯ ಕೊಟ್ಟು ಕಳಿಸ್ತೀನಿ."

ಅವಳು ಹಾಡಿಯ ಕಡೆಗೆ ಓಡಿದಳು. ಮಗಳನ್ನು ಕೂಗಿ ಕರೆದದ್ದು ನಮಗೆ ಕೇಳಿಸಿತು. ಆ ದನಿಗೆ ರೇಡಿಯೊ ಬೇಕಿರಲಿಲ್ಲ. ಜೋಯಿ ಜೀಪು ತಿರುಗಿಸಲು ಹೋದ. ನಾನು ಏಣಿ ಹತ್ತಿ, ಆಂಟೆನಾದ ಬುಡದಲ್ಲಿ ಕೇಬಲ್ ಸೇರುವ ಕಡೆ ಇಬ್ಬನಿ ಇಳಿಯದಂತೆ ರಬ್ಬರ್ ಟೇಪು ಮೂರು ಸುತ್ತು ಬಿಗಿಯಾಗಿ ಸುತ್ತಿ, ತುದಿ ಒತ್ತಿ, ಕೆಳಗಿಳಿದೆ. ಆ ದಿನದ ಕೆಲಸ ಅಲ್ಲಿಗೆ ಮುಗಿಯಿತು.